ಬೀದಿಯಲ್ಲಿ ಕ್ಯಾಂಡಿಡ್ ಚಿತ್ರ: ತೆಗೆಯುವ ಬಗೆ, ಖಾಸಗಿತನ ಕಾಯುವ ಬಗೆ

ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಒಂದು ಬೆಳಿಗ್ಗೆ ಕನಕಾಂಬರ ಕಟ್ಟುತ್ತಿದ್ದ ಹೆಂಗಸೊಬ್ಬರ ಚಿತ್ರ ತೆಗೆದೆ. ಬಾಳೆನಾರಿನ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಿದ್ದರು. ಕಣ್ಣು ಗಿರಾಕಿಯ ಮೇಲಿತ್ತು, ಬೆರಳುಗಳು ತಮ್ಮ ಪಾಡಿಗೆ ತಾವು ಗಂಟು ಹಾಕುತ್ತಿದ್ದವು. ಶಟರ್ ಸದ್ದಿಗೆ ತಲೆಯೆತ್ತಿ, "ಪೇಪರ್‌ಗೆ ಹಾಕ್ತೀಯೇನಪ್ಪ?" ಎಂದು ಕೇಳಿದರು. ಇಲ್ಲವೆಂದೆ. "ಎಲ್ಲಿಗೂ ಹಾಕ್ಬೇಡ, ಅಳಿಸ್ಬಿಡು. ಮಗಳ ಗಂಡನ ಮನೆಯವ್ರಿಗೆ ನಾನಿಲ್ಲಿ ಕೂತಿರೋದು ಗೊತ್ತಿಲ್ಲ" ಎಂದರು. ಅವರ ಎದುರಿಗೇ ಅಳಿಸಿದೆ.

ದಿನಕ್ಕೆ ಸಾವಿರಾರು ಜನ ಹಾದುಹೋಗುವ ಜಾಗದಲ್ಲಿ ಮುಚ್ಚುಮರೆಯಿಲ್ಲದೆ ಕುಳಿತವರು ಅವರು. ಹಾಗಿದ್ದೂ, ಹಾದುಹೋಗುವವರ ಕಣ್ಣಿಗೆ ಬೀಳುವುದಕ್ಕೂ ಎಲ್ಲಿಗೆ ಬೇಕಾದರೂ ಹೋಗಬಲ್ಲ ಚಿತ್ರವಾಗುವುದಕ್ಕೂ ಎಷ್ಟು ಅಂತರವಿದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. "ಸಾರ್ವಜನಿಕ ಸ್ಥಳ, ಯಾರನ್ನಾದರೂ ತೆಗೆಯಬಹುದು" ಎಂಬ ನಮ್ಮ ಬಾಯಿಪಾಠವು ಈ ಅಂತರವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಈ ಮಾರ್ಗದರ್ಶಿಯಲ್ಲಿ ಚಿತ್ರ ತೆಗೆಯುವ ಕ್ರಮವನ್ನೂ ಖಾಸಗಿತನದ ಪ್ರಶ್ನೆಯನ್ನೂ ಒಟ್ಟಿಗೇ ಇಟ್ಟು ಬರೆದಿದ್ದೇನೆ, ಏಕೆಂದರೆ ಬೀದಿಯಲ್ಲಿ ಅವೆರಡೂ ಒಟ್ಟಿಗೇ ಎದುರಾಗುತ್ತವೆ.

ಹಂತ 1: ಕ್ಯಾಂಡಿಡ್ ಎಂದರೆ ಕದ್ದು ತೆಗೆಯುವುದಲ್ಲ

ಚಿತ್ರದಲ್ಲಿರುವವರು ಕ್ಯಾಮೆರಾಕ್ಕಾಗಿ ತಮ್ಮ ಚಹರೆ, ಭಂಗಿ, ಕೆಲಸ ಯಾವುದನ್ನೂ ಬದಲಿಸಿಕೊಂಡಿಲ್ಲ ಎಂಬುದಷ್ಟೇ ಕ್ಯಾಂಡಿಡ್ ಪದದ ಅರ್ಥ. ಛಾಯಾಗ್ರಾಹಕ ಅಡಗಿರಬೇಕು ಎಂದು ಆ ಪದ ಎಲ್ಲಿಯೂ ಹೇಳುವುದಿಲ್ಲ. ಅರ್ಧ ಗಂಟೆ ಒಂದೇ ಅಂಗಡಿಯ ಮುಂದೆ ಕ್ಯಾಮೆರಾ ಕಾಣುವಂತೆ ನಿಂತು ನೋಡಿ: ಮೊದಲ ಐದು ನಿಮಿಷ ಎಲ್ಲರೂ ನಿಮ್ಮನ್ನು ನೋಡುತ್ತಾರೆ, ಆಮೇಲೆ ವ್ಯಾಪಾರ ಅವರನ್ನು ಎಳೆದುಕೊಳ್ಳುತ್ತದೆ, ನೀವು ಅಲ್ಲಿನ ಕಂಬ, ತಕ್ಕಡಿಗಳ ಜೊತೆಗೆ ಇನ್ನೊಂದು ವಸ್ತುವಾಗುತ್ತೀರಿ. ಸಹಜತೆ ಬರುವುದು ಆಗ. ಅಂಗಿಯ ಗುಂಡಿಯ ಬಳಿ ಫೋನನ್ನು ಓರೆಯಾಗಿ ಹಿಡಿದು, ಸಂದೇಶ ಓದುವವರಂತೆ ನಟಿಸುತ್ತಾ ತೆಗೆಯುವ ಚಿತ್ರಗಳಲ್ಲಿ ಆ ಕಳ್ಳತನ ಹೇಗೋ ಚೌಕಟ್ಟಿನೊಳಗೂ ಇಳಿದಿರುತ್ತದೆ. ಕೋನ ತಪ್ಪಿರುತ್ತದೆ, ಅಂತರ ತಪ್ಪಿರುತ್ತದೆ.

ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸೊ ತಮ್ಮ ಲೈಕಾ ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಅಂಟಿಸಿಕೊಳ್ಳುತ್ತಿದ್ದರು ಎಂಬುದನ್ನು ಕದ್ದು ತೆಗೆಯುವುದಕ್ಕೆ ಸಮರ್ಥನೆಯಾಗಿ ಹೇಳುವವರಿದ್ದಾರೆ. ಗಮನ ಸೆಳೆಯದಿರುವುದು ಬೇರೆ, ಮೋಸ ಮಾಡುವುದು ಬೇರೆ. ಇದನ್ನು ಅಳೆಯಲು ನಾನು ಬಳಸುವ ಪರೀಕ್ಷೆ ಒಂದೇ: ಈಗ ತೆಗೆದ ಚಿತ್ರವನ್ನು, ಅದರಲ್ಲಿರುವವರು ಕೇಳಿದರೆ, ಈ ಕ್ಷಣವೇ ಕ್ಯಾಮೆರಾ ತಿರುಗಿಸಿ ತೋರಿಸಬಲ್ಲೆನೇ? ತೋರಿಸಲು ಕೈ ಹಿಂಜರಿದರೆ ಆ ಚಿತ್ರ ನನ್ನ ಬಳಿ ಇರಬಾರದು.

ಹಂತ 2: ಜಾಗ ಮತ್ತು ಹೊತ್ತನ್ನು ಆರಿಸಿಕೊಳ್ಳಿ

ಹೊಸಬರು ಜನ ತುಂಬಿದ, ಕೆಲಸ ನಡೆಯುತ್ತಿರುವ ಜಾಗದಿಂದ ಆರಂಭಿಸುವುದು ಒಳ್ಳೆಯದು. ಮೈಸೂರಿನ ದೇವರಾಜ ಮಾರುಕಟ್ಟೆ, ಬೆಂಗಳೂರಿನ ಗಾಂಧಿಬಜಾರ್, ಅವೆನ್ಯೂ ರಸ್ತೆ, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ, ಇಲ್ಲೆಲ್ಲ ಕ್ಯಾಮೆರಾ ಹಿಡಿದವರು ಜನರಿಗೆ ಹೊಸಬರಲ್ಲ. ತದ್ವಿರುದ್ಧವಾಗಿ, ನಿರ್ಜನವಾದ ವಸತಿ ಬೀದಿಯಲ್ಲಿ ಒಬ್ಬರೇ ನಡೆದುಹೋಗುತ್ತಿರುವವರತ್ತ ಲೆನ್ಸ್ ತಿರುಗಿಸಿದರೆ ಅವರಿಗೆ ಅದು ಬೆದರಿಕೆಯಂತೆ ತೋರುವುದು ಸಹಜ.

ಕೆ.ಆರ್. ಮಾರುಕಟ್ಟೆಯ ಮೇಲಂತಸ್ತಿನಿಂದ ಕೆಳಗಿನ ಹೂವಿನ ರಾಶಿಗಳನ್ನು ತೆಗೆಯುವ ಚಿತ್ರ ಬೆಂಗಳೂರಿನ ಪ್ರತಿ ಛಾಯಾಗ್ರಾಹಕರ ಬಳಿಯೂ ಇದೆ. ಸೇವಂತಿಗೆಯ ಹಳದಿ, ಗುಲಾಬಿಯ ಕೆಂಪು, ನಡುವೆ ತಲೆಗಳು. ಯಾರ ಮುಖವೂ ಕಾಣುವುದಿಲ್ಲವಾದ್ದರಿಂದ ಖಾಸಗಿತನದ ತಕರಾರೂ ಕಡಿಮೆ. ಒಮ್ಮೆ ತೆಗೆದುಕೊಳ್ಳಿ, ತಪ್ಪಿಲ್ಲ. ಆಮೇಲೆ ಕೆಳಗಿಳಿಯಿರಿ, ಏಕೆಂದರೆ ಮೇಲಿನಿಂದ ಕಾಣುವುದು ಬಣ್ಣ ಮಾತ್ರ. ಬೆಳಕು ಹರಿಯುವ ಮೊದಲಿನ ವ್ಯಾಪಾರದ ಭರಾಟೆ ಮುಗಿದು, ಓರೆ ಬಿಸಿಲು ಹೊರಗಿನ ಓಣಿಗಳಿಗೆ ಇಳಿಯುವ ಹೊತ್ತು ನನಗೆ ಇಷ್ಟ. ಆಗ ವ್ಯಾಪಾರಿಗಳಿಗೆ ಕಾಫಿ ಕುಡಿಯುವಷ್ಟು, ನಿಮ್ಮೊಡನೆ ಎರಡು ಮಾತಾಡುವಷ್ಟು ಬಿಡುವಿರುತ್ತದೆ.

ಮೆಟ್ರೊ, ರೈಲು ನಿಲ್ದಾಣ, ಉದ್ಯಾನ, ದೇವಸ್ಥಾನ, ಮಾಲ್‌ಗಳು ಬೀದಿಯಲ್ಲ. ಅವುಗಳ ಆಡಳಿತಕ್ಕೆ ತಮ್ಮದೇ ನಿಯಮಗಳಿರುತ್ತವೆ. ಬಾಗಿಲಲ್ಲೇ ಕೇಳಿ ತಿಳಿದುಕೊಳ್ಳಿ.

ಹಂತ 3: ಸಲಕರಣೆ ಚಿಕ್ಕದಿರಲಿ, ಫೋಕಸ್ ಮೊದಲೇ ಸಿದ್ಧವಿರಲಿ

28ರಿಂದ 50 ಮಿ.ಮೀ. ನಡುವಿನ ಒಂದೇ ಒಂದು ಲೆನ್ಸ್ ಸಾಕು (ಈ ಅಂಕಿ ಚಿಕ್ಕದಾದಷ್ಟೂ ನೋಟ ಅಗಲ). ಫೋನಿನ ಮುಖ್ಯ ಕ್ಯಾಮೆರಾದ ನೋಟ ಸುಮಾರು 24ರಿಂದ 26 ಮಿ.ಮೀ. ಲೆನ್ಸಿನದಕ್ಕೆ ಸಮ, ಅದೂ ಸಾಕು. 200 ಮಿ.ಮೀ. ಜೂಮ್ ಹಾಕಿಕೊಂಡು ರಸ್ತೆಯಾಚೆಯಿಂದ ಮುಖಗಳನ್ನು ಹೆಕ್ಕುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಅದರಿಂದ ಹಿನ್ನೆಲೆ ಮಸುಕಾಗಿ ಬೀದಿಯೇ ಮಾಯವಾಗುತ್ತದೆ ಎಂಬುದು ಕಲೆಯ ಕಾರಣ. ಎದುರಿನವರಿಗೆ ನಿಮ್ಮನ್ನು ಕಾಣುವ, ಬೇಡವೆನ್ನುವ ಅವಕಾಶವೇ ಇರುವುದಿಲ್ಲ ಎಂಬುದು ಇನ್ನೊಂದು ಕಾರಣ. ಎರಡು ಮೀಟರ್ ದೂರದಲ್ಲಿ ನಿಂತು ತೆಗೆಯುವವರು ಉತ್ತರ ಕೊಡಲೇಬೇಕಾಗುತ್ತದೆ, ಅದು ಒಳ್ಳೆಯದೇ.

ಹತ್ತಿರದಿಂದ ತೆಗೆಯುವಾಗ ಫೋಕಸ್‌ಗಾಗಿ ತಡಕಾಡಿದರೆ ಕ್ಷಣ ಕೈತಪ್ಪುತ್ತದೆ, ಕಣ್ಣಿಗೂ ಬೀಳುತ್ತೀರಿ. ಹಳಬರ ಉಪಾಯವೆಂದರೆ ಫೋಕಸ್ಸನ್ನು ಮೊದಲೇ ಒಂದು ದೂರಕ್ಕೆ ಕಟ್ಟಿಹಾಕುವುದು. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 35 ಮಿ.ಮೀ. ಲೆನ್ಸನ್ನು ಎಫ್ 8ಕ್ಕೆ (ಎಫ್ ಎಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಇಟ್ಟು, ಎರಡೂವರೆ ಮೀಟರಿಗೆ ಫೋಕಸ್ ಮಾಡಿ ಬಿಟ್ಟರೆ ಸುಮಾರು 1.7 ಮೀಟರಿನಿಂದ ಹಿಡಿದು ಐದು ಮೀಟರಿನ ತನಕ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾದಲ್ಲಿ 23 ಮಿ.ಮೀ. ಲೆನ್ಸ್, ಎಫ್ 8, ಎರಡು ಮೀಟರ್ ಎಂದಿಟ್ಟುಕೊಂಡರೆ 1.3ರಿಂದ ಐದು ಮೀಟರ್ ಸಿಗುತ್ತದೆ. ಎರಡು ಮೀಟರ್ ಎಂದರೆ ಎಷ್ಟೆಂಬುದನ್ನು ಮನೆಯ ನೆಲದ ಟೈಲ್ಸ್ ಎಣಿಸಿ ಕಣ್ಣಿಗೆ ಅಭ್ಯಾಸ ಮಾಡಿಸಿ. ಒಂದು ವಾರದಲ್ಲಿ ಬರುತ್ತದೆ.

ಶಟರ್ ವೇಗ, ಅಂದರೆ ಶಟರ್ ತೆರೆದಿರುವ ಅವಧಿ, ನಡೆಯುವವರಿಗೆ ಸೆಕೆಂಡಿನ 1/250, ಹೂ ಕಟ್ಟುವ ಬೆರಳು, ಎಸೆಯುವ ಕೈಗಳಿಗೆ 1/500. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಯ್ಕೆಯನ್ನು ಕ್ಯಾಮೆರಾಕ್ಕೇ ಬಿಟ್ಟು, ಶಟರ್ ವೇಗ 1/250ಕ್ಕಿಂತ ಕೆಳಗಿಳಿಯಬಾರದೆಂದು ಕಟ್ಟು ಹಾಕಿ. ಮಾರುಕಟ್ಟೆಯ ಒಳಗೆ ಬೆಳಕು ಕಡಿಮೆಯಾದಾಗ ಎಫ್ 4ಕ್ಕೆ ಇಳಿಯಬೇಕಾಗುತ್ತದೆ, ಆಗ ಮೇಲೆ ಹೇಳಿದ ಫೋಕಸ್ ವ್ಯಾಪ್ತಿ ಕುಗ್ಗುತ್ತದೆ ಎಂಬುದು ನೆನಪಿರಲಿ. ಫ್ಲ್ಯಾಶ್ ಬೇಡ.

ಹಂತ 4: ಕಾಯುವುದನ್ನು ಕಲಿಯಿರಿ

ಬೀದಿಯಲ್ಲಿ ಚಿತ್ರ ಹುಡುಕುತ್ತಾ ಅಲೆಯುವುದು ಒಂದು ದಾರಿ. ಒಳ್ಳೆಯ ಬೆಳಕು, ಒಳ್ಳೆಯ ಹಿನ್ನೆಲೆ ಕಂಡಲ್ಲಿ ಚೌಕಟ್ಟು ಕಟ್ಟಿಕೊಂಡು, ಅದರೊಳಕ್ಕೆ ಜನ ಬರುವವರೆಗೆ ನಿಲ್ಲುವುದು ಇನ್ನೊಂದು. ಬಕಧ್ಯಾನ ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಅರ್ಥವಿಲ್ಲ, ಆದರೂ ಕೆರೆಯಂಚಿನ ಕೊಕ್ಕರೆಯಿಂದ ಕಲಿಯುವುದು ಬಹಳವಿದೆ. ಈ ಎರಡನೆಯ ದಾರಿಯಲ್ಲಿ ನೀವು ಯಾರನ್ನೂ ಹಿಂಬಾಲಿಸುವುದಿಲ್ಲ. ಅವರೇ ನಿಮ್ಮ ಕಣ್ಣೆದುರಿನ ಜಾಗಕ್ಕೆ ಬರುತ್ತಾರೆ, ನೀವು ಅಲ್ಲಿರುವುದನ್ನು ದೂರದಿಂದಲೇ ನೋಡಿರುತ್ತಾರೆ, ಬೇಡವೆನಿಸಿದವರು ಬಳಸಿಕೊಂಡು ಹೋಗುತ್ತಾರೆ.

ಮೂರು ಪದರಗಳನ್ನು ಗಮನಿಸಿ: ಹತ್ತಿರದಲ್ಲಿ ಏನಿದೆ, ನಡುವೆ ಏನು ನಡೆಯುತ್ತಿದೆ, ಹಿಂದೆ ಯಾವ ಬರಹ, ಬಾಗಿಲು, ನೆರಳು ಇದೆ. ಚಿಕ್ಕಪೇಟೆಯ ಓಣಿಯಲ್ಲಿ ಒಮ್ಮೆ ಮುಕ್ಕಾಲು ಗಂಟೆ ಕಾದು ಸಿಕ್ಕ ಚಿತ್ರದಲ್ಲಿ ಮುಂದೆ ಬಟ್ಟೆಯ ಬೇಲು ಹೊತ್ತ ಹಮಾಲಿಯ ಬೆನ್ನು, ನಡುವೆ ಬಿಸಿಲಿನ ಒಂದೇ ಪಟ್ಟಿಯಲ್ಲಿ ಲೋಟ ಎತ್ತಿದ ಕೈ, ಹಿಂದೆ ಅಂಗಡಿಯ ಅರ್ಧ ಇಳಿದ ಷಟರ್ ಇದೆ. ಯಾರ ಮುಖವೂ ಇಲ್ಲ. ಬೇಕು ಎಂದೂ ಅನಿಸಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಖಾಸಗಿತನ ಎಂದ ಕೂಡಲೇ ಅದು ಕಲೆಯ ಕಾಲಿಗೆ ಕಟ್ಟಿದ ಗುಂಡು ಎಂಬಂತೆ ಗೊಣಗುವವರು ಬಹಳ. ಎದುರು ಬಿಸಿಲಿನಲ್ಲಿ ಕಪ್ಪಾಗುವ ಆಕೃತಿ, ಮಳೆನೀರಿನಲ್ಲಿ ತಲೆಕೆಳಗಾದ ಛತ್ರಿ, ಬಸ್ಸಿನ ಗಾಜಿನ ಹನಿಗಳ ಹಿಂದಿನ ಗುಂಪು, ಹೂವಿನ ಮಾರು ಅಳೆಯುವ ತೋಳು, ಇವೆಲ್ಲ ಗುರುತು ಸಿಗದ, ಆದರೆ ಮನುಷ್ಯರಿಂದಲೇ ತುಂಬಿದ ಚಿತ್ರಗಳು. ಶಟರ್ ವೇಗವನ್ನು 1/15ಕ್ಕೆ ಇಳಿಸಿ, ಕ್ಯಾಮೆರಾವನ್ನು ಕಂಬಕ್ಕೆ ಒತ್ತಿ ಹಿಡಿದರೆ ಗೋಡೆ ಗಟ್ಟಿಯಾಗಿ ನಿಂತು ಜನ ನದಿಯಂತೆ ಹರಿಯುತ್ತಾರೆ. ಇದನ್ನು ಆರು ತಿಂಗಳು ಮಾಡಿದವರು ಮುಖಕ್ಕೆ ಲೆನ್ಸ್ ಹಿಡಿಯುವ ಮೊದಲು, ಮುಖ ಇಲ್ಲಿ ನಿಜಕ್ಕೂ ಬೇಕೇ ಎಂದು ಯೋಚಿಸುತ್ತಾರೆ. ಬೇಕಾಗುವ ಸಂದರ್ಭಗಳೂ ಇವೆ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರು ತೆಗೆದ ಸಾಮಾನ್ಯ ಜನರ ಚಿತ್ರಗಳಲ್ಲಿ ಮುಖವೇ ಜೀವ. ಆದರೆ ಅಲ್ಲಿ ಕ್ಯಾಮೆರಾದ ಹಿಂದಿರುವವರು ಎದುರಿನವರಿಗಿಂತ ಮೇಲೆ ನಿಂತಿದ್ದಾರೆ ಎಂದು ನನಗೆ ಎಂದೂ ಅನಿಸಿಲ್ಲ.

ಹಂತ 5: ಕ್ಲಿಕ್ಕಿಸಿದ ನಂತರದ ಹತ್ತು ಸೆಕೆಂಡು

ಅವರು ನೋಡಿದರೆ ನೀವೂ ನೋಡಿ, ತಲೆಯಾಡಿಸಿ, ಕ್ಯಾಮೆರಾ ಇಳಿಸಿ. ತೆಗೆದೇ ಇಲ್ಲವೆಂಬಂತೆ ಅವರ ಹಿಂದಿನ ಗೋಪುರವನ್ನು ದಿಟ್ಟಿಸುವ ನಾಟಕ ಯಾರಿಗೂ ತಿಳಿಯದ್ದೇನಲ್ಲ. "ಕೈ ಕೆಲ್ಸ ಚೆನ್ನಾಗಿ ಕಾಣ್ತಿತ್ತಮ್ಮ, ಅದಕ್ಕೇ ತೆಗ್ದೆ, ನೋಡಿ" ಎಂದು ಪರದೆ ತೋರಿಸಿದರೆ ಹತ್ತರಲ್ಲಿ ಎಂಟು ಸಲ ಮಾತು ನಗುವಿನಲ್ಲಿ ಮುಗಿಯುತ್ತದೆ, ಕೆಲವೊಮ್ಮೆ ಕಾಫಿಯಲ್ಲಿ.

ಅಳಿಸಿ ಎಂದರೆ ಅಳಿಸಿ. ಕಾನೂನು ನನ್ನ ಪರವಾಗಿದೆ ಎಂದು ಬೀದಿಯಲ್ಲಿ ವಾದಿಸಿ ಗೆದ್ದವರನ್ನು ನಾನು ನೋಡಿಲ್ಲ. ಅವರೆದುರಿಗೇ ಅಳಿಸಬೇಕು, ಫೋನಿನಲ್ಲಾದರೆ ಅಳಿಸಿದ ಚಿತ್ರ ಇತ್ತೀಚೆಗೆ ಅಳಿಸಿದವುಗಳ ಕಡತದಲ್ಲಿ ಉಳಿದಿರುತ್ತದೆ, ಅಲ್ಲಿಂದಲೂ ತೆಗೆದು ತೋರಿಸಬೇಕು. ಹಣ ಕೇಳಿದರೆ? ನಾನು ಕೊಡುವುದಿಲ್ಲ, ಆದರೆ ಹೂವನ್ನೋ ಸೌತೆಕಾಯಿಯನ್ನೋ ಕೊಳ್ಳುತ್ತೇನೆ. ಇದು ಸರಿಯೇ ಎಂಬ ಬಗ್ಗೆ ಗೆಳೆಯರಲ್ಲಿ ಜಗಳವಿದೆ.

ಹಂತ 6: ಕಾನೂನು ಎಲ್ಲಿ ನಿಲ್ಲುತ್ತದೆ

ನಾನು ವಕೀಲನಲ್ಲ, ಛಾಯಾಗ್ರಾಹಕರಿಗೆ ತಿಳಿದಿರಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ಸಾರ್ವಜನಿಕ ಬೀದಿಯಲ್ಲಿ ಜನರ ಚಿತ್ರ ತೆಗೆಯುವುದನ್ನು ಒಟ್ಟಾರೆಯಾಗಿ ನಿಷೇಧಿಸುವ ಕಾನೂನು ಭಾರತದಲ್ಲಿಲ್ಲ. ಹಾಗೆಂದು ಬೀದಿಗಿಳಿದವರು ತಮ್ಮ ಹಕ್ಕನ್ನು ಮನೆಯಲ್ಲಿ ಬಿಟ್ಟು ಬಂದಿರುವುದಿಲ್ಲ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಪ್ರಕರಣದಲ್ಲಿ ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಅಪರಾಧವಾಗುವ ಸಂದರ್ಭಗಳು ಸ್ಪಷ್ಟವಾಗಿವೆ. ಯಾರದೇ ಆಗಲಿ, ಗುಪ್ತಾಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು ಅಥವಾ ಹಂಚುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ಮೂರು ವರ್ಷದವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಸೆಕ್ಷನ್ ಮಹಿಳೆಯರನ್ನು ಖಾಸಗಿ ಸ್ಥಿತಿಯಲ್ಲಿ ಕದ್ದು ನೋಡುವುದು, ಚಿತ್ರೀಕರಿಸುವುದಕ್ಕೆ, 78 ಹಿಂಬಾಲಿಸಿ ಕಾಡುವುದಕ್ಕೆ, 79 ಮಹಿಳೆಯ ಮಾನಕ್ಕೆ ಕುಂದು ತರುವ ಉದ್ದೇಶದ ಮಾತು, ಸನ್ನೆ, ಅವಳ ಖಾಸಗಿತನದೊಳಕ್ಕೆ ನುಗ್ಗುವ ವರ್ತನೆಗೆ ಸಂಬಂಧಿಸಿದವು. ಒಬ್ಬ ಮಹಿಳೆಯ ಒಳ್ಳೆಯ ಚಿತ್ರ ಸಿಗಲಿಲ್ಲವೆಂದು ಮೂರು ತಿರುವು ಅವರ ಹಿಂದೆಯೇ ನಡೆಯುವ ಉತ್ಸಾಹಿಗಳು ತಾವು ಯಾವ ಗೆರೆಯತ್ತ ಸಾಗುತ್ತಿದ್ದೇವೆ ಎಂಬುದನ್ನು ಅರಿತಿರಬೇಕು.

ಬೆಂಗಳೂರಿನಲ್ಲಿ ಈ ಪ್ರಶ್ನೆ ಈಚೆಗೆ ಬಿಸಿಯಾಗಿದೆ. 2025ರ ಮೇ ತಿಂಗಳಲ್ಲಿ, ಮೆಟ್ರೊದಲ್ಲಿ ಮಹಿಳೆಯರನ್ನು ಅವರಿಗೆ ಗೊತ್ತಾಗದಂತೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಂ ಖಾತೆಯೊಂದರಲ್ಲಿ ಹಾಕುತ್ತಿದ್ದುದು ಬಯಲಾಗಿ ಪೊಲೀಸ್ ಪ್ರಕರಣವಾಯಿತು. ಜುಲೈನಲ್ಲಿ ಚರ್ಚ್ ಸ್ಟ್ರೀಟಿನಲ್ಲಿ ನಡೆದಾಡುವ ಮಹಿಳೆಯರ ವಿಡಿಯೊಗಳ ಬಗ್ಗೆ ಯುವತಿಯೊಬ್ಬರು ದನಿಯೆತ್ತಿದ ನಂತರ ಒಬ್ಬಾತನ ಬಂಧನವಾಯಿತು. ಇವನ್ನು ನಮ್ಮ ಕಲೆಯೊಂದಿಗೆ ಹೋಲಿಸಬೇಡಿ ಎಂದು ಗೆಳೆಯರು ಸಿಟ್ಟಾಗುತ್ತಾರೆ. ಹೋಲಿಸುತ್ತಿರುವವರು ನಾವಲ್ಲ, ಬೀದಿಯಲ್ಲಿ ನಮ್ಮ ಕ್ಯಾಮೆರಾ ಕಂಡು ದುಪಟ್ಟಾ ಸರಿಪಡಿಸಿಕೊಳ್ಳುವ ಹುಡುಗಿ. ಅವಳಿಗೆ ನಮಗೂ ಆ ವಿಡಿಯೊ ತೆಗೆಯುವವರಿಗೂ ಇರುವ ವ್ಯತ್ಯಾಸ ದೂರದಿಂದ ತಿಳಿಯುವ ದಾರಿಯೇ ಇಲ್ಲ. ಅದನ್ನು ತೋರಿಸಿಕೊಡಬೇಕಾದ ಹೊಣೆ ನಮ್ಮದು.

ಇನ್ನೊಂದು ಗೊಂದಲವಿದೆ. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವಾಗಿಯೇ ತೆಗೆದ ಚಿತ್ರದ ಹಕ್ಕು ನಿಮ್ಮದು. ಆದರೆ ಚಿತ್ರದ ಹಕ್ಕು ಅದರಲ್ಲಿರುವವರ ಮುಖದ ಹಕ್ಕಲ್ಲ. ಜಾಹೀರಾತು, ಉತ್ಪನ್ನದ ಹೊದಿಕೆ, ಪ್ರಚಾರ ಫಲಕಗಳಿಗೆ ಕೊಡುವುದಿದ್ದರೆ ಅವರ ಸಹಿಯಿರುವ ಒಪ್ಪಿಗೆ ಪತ್ರ ಬೇಕು, ಅದು ಅವರಿಗೆ ಓದಲು ಬರುವ ಭಾಷೆಯಲ್ಲಿರಬೇಕು.

ವಿದೇಶಕ್ಕೆ ಹೋಗುವ, ಅಲ್ಲೇ ನೆಲೆಸಿರುವ ಕನ್ನಡಿಗರು ಅಲ್ಲಿನ ಕಾನೂನನ್ನು ಬೇರೆಯಾಗಿ ತಿಳಿಯಬೇಕು. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಛಾಯಾಗ್ರಾಹಕ ಫಿಲಿಪ್-ಲೋರ್ಕಾ ಡಿಕೋರ್ಸಿಯಾ ತೆಗೆದ ಅಪರಿಚಿತರ ಮುಖಚಿತ್ರಗಳ ವಿರುದ್ಧ, ಅದರಲ್ಲಿದ್ದ ಒಬ್ಬರು ಹೂಡಿದ ದಾವೆಯನ್ನು ನ್ಯಾಯಾಲಯ 2006ರಲ್ಲಿ, ಅದು ಕಲೆ ಎಂಬ ಆಧಾರದ ಮೇಲೆ ವಜಾ ಮಾಡಿತು. ಅದೇ ಕೆನಡಾದ ಕ್ವಿಬೆಕ್‌ನಲ್ಲಿ, ಕಟ್ಟಡದ ಮೆಟ್ಟಿಲ ಮೇಲೆ ಕುಳಿತಿದ್ದ 17ರ ಹುಡುಗಿಯ ಚಿತ್ರವನ್ನು ಕಲಾಪತ್ರಿಕೆಯೊಂದು ಒಪ್ಪಿಗೆಯಿಲ್ಲದೆ ಪ್ರಕಟಿಸಿದ್ದಕ್ಕೆ 2,000 ಡಾಲರ್ ಪರಿಹಾರ ಕೊಡಬೇಕೆಂಬ ತೀರ್ಪನ್ನು ಅಲ್ಲಿನ ಸುಪ್ರೀಂ ಕೋರ್ಟ್ 1998ರಲ್ಲಿ ಎತ್ತಿಹಿಡಿಯಿತು. ಎರಡೂ ಬೀದಿಯಲ್ಲಿ ತೆಗೆದ ಚಿತ್ರಗಳೇ.

ಹಂತ 7: ಕೆಲವು ಚಿತ್ರಗಳನ್ನು ತೆಗೆಯದಿರಿ

ಮಕ್ಕಳ ವಿಷಯದಲ್ಲಿ, ಜೊತೆಯಲ್ಲಿ ದೊಡ್ಡವರಿದ್ದರೆ ಅವರನ್ನು ಕೇಳಿಯೇ ತೆಗೆಯಿರಿ. ಸಿಗ್ನಲ್ಲಿನಲ್ಲಿ ಭಿಕ್ಷೆ ಬೇಡುವ, ದುಡಿಯುವ ಮಕ್ಕಳ ಮುಖ ಬೇಡ. ಪ್ರಕರಣಗಳ ವಿಚಾರಣೆಗೆ ಸಂಬಂಧಿಸಿದಂತೆ ಇಂಥ ಮಕ್ಕಳ ಗುರುತು ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆ ತಡೆಯುತ್ತದೆ. ಪ್ರಕರಣವಿಲ್ಲದ ಮಕ್ಕಳಿಗೆ ಆ ರಕ್ಷಣೆಯನ್ನು ನಾವೇ ಕೊಡಬಹುದು. ಆಸ್ಪತ್ರೆಯ ಬಾಗಿಲು, ಶವಯಾತ್ರೆ, ಅಪಘಾತ, ಕುಡಿದು ಬಿದ್ದವರು, ಫುಟ್‌ಪಾತಿನಲ್ಲಿ ಮಲಗಿರುವವರು ಇವೆಲ್ಲ ನನ್ನ ಪಟ್ಟಿಯಲ್ಲಿಲ್ಲ. ಮಲಗಿದವರಿಗೆ ಬೇಡವೆನ್ನುವ ಬಾಯಿಯೇ ಇಲ್ಲ. ಬೀದಿಯೇ ಮನೆಯಾದವರಿಗೆ ಆ ಚಾದರದೊಳಗಿನ ಮೂರಡಿ ಜಾಗವೇ ಖಾಸಗಿ ಕೋಣೆ.

ಹಂತ 8: ಮನೆಗೆ ಬಂದ ಮೇಲೆ

ನಿಜವಾದ ಆಯ್ಕೆ ನಡೆಯುವುದು ಇಲ್ಲಿ. ತೆಗೆದ ದಿನವೇ ಏನನ್ನೂ ಹಾಕಬೇಡಿ, ಒಂದು ವಾರ ಬಿಡಿ.

ಗುರುತು ಎಂದರೆ ಮುಖ ಮಾತ್ರವೆಂದು ನಾನೂ ನಂಬಿದ್ದೆ. ಗಾಂಧಿಬಜಾರಿನ ಕಟ್ಟೆಯ ಮೇಲೆ ಮಧ್ಯಾಹ್ನ ಒಬ್ಬರೇ ಕುಳಿತು ಕಡಲೆಕಾಯಿ ಬಿಡಿಸುತ್ತಿದ್ದವರ ಚಿತ್ರವನ್ನು, ಮುಖ ನೆರಳಿನಲ್ಲಿದೆ ಎಂಬ ಧೈರ್ಯದಿಂದ ದಿನಾಂಕದ ಸಮೇತ ಹಾಕಿದ್ದೆ. ಕೊರಳಿನಲ್ಲಿ ಕಚೇರಿಯ ಗುರುತುಪಟ್ಟಿ ತೂಗುತ್ತಿತ್ತು. ಅದರ ಬಣ್ಣ, ಅಂಗಿಯ ಪಟ್ಟೆ ನೋಡಿ ಸಹೋದ್ಯೋಗಿಯೊಬ್ಬರು ಗುರುತಿಸಿದರು. ಚಿತ್ರದಲ್ಲಿದ್ದವರು ಆ ದಿನ ಜ್ವರವೆಂದು ರಜೆ ಹಾಕಿದ್ದರಂತೆ. ಎರಡು ಸಾಲಿನ ಸಂದೇಶ ಬಂತು, ಬೈಗುಳವಿರಲಿಲ್ಲ, ತೆಗೆಯಿರಿ ಎಂಬ ಕೋರಿಕೆಯಷ್ಟೇ. ತೆಗೆದೆ. ಅಷ್ಟರಲ್ಲಿ ನೋಡಬೇಕಾದವರು ನೋಡಿಯಾಗಿತ್ತು.

ಆದ್ದರಿಂದ ಚಿತ್ರವನ್ನು ಪೂರ್ತಿ ಹಿಗ್ಗಿಸಿ, ಮೂಲೆಯಿಂದ ಮೂಲೆಗೆ ಹುಡುಕಿ: ವಾಹನದ ನೋಂದಣಿ ಸಂಖ್ಯೆ, ಶಾಲೆಯ ಸಮವಸ್ತ್ರ, ಮನೆಯ ಫಲಕ, ಔಷಧಿ ಚೀಟಿ, ಫೋನಿನ ಪರದೆ, ಕೈಯ ಹಚ್ಚೆ. ಹಿನ್ನೆಲೆಯಲ್ಲಿ ಒಟ್ಟಿಗೆ ಕುಳಿತ ಜೋಡಿಯಿದ್ದರೆ ಆ ಚಿತ್ರ ಬೇಡ. ಅವರ ಮನೆಗಳಲ್ಲಿ ಯಾರಿಗೆ ಏನು ಗೊತ್ತಿದೆಯೋ ನಿಮಗೆ ತಿಳಿಯದು. ಮುಚ್ಚಲೇಬೇಕಾದ ಬರಹವನ್ನು ಮಸುಕುಗೊಳಿಸುವುದಕ್ಕಿಂತ ಕತ್ತರಿಸಿ ತೆಗೆಯುವುದು, ಇಲ್ಲವೇ ಗಟ್ಟಿ ಬಣ್ಣ ಹಚ್ಚುವುದು ಭದ್ರ. ಮುಖ ಮುಚ್ಚಿದ ಬೀದಿ ಚಿತ್ರವಾದರೋ ಚಿತ್ರವೇ ಅಲ್ಲ. ಮುಚ್ಚಬೇಕೆನಿಸಿದರೆ ಬೇರೆ ಚಿತ್ರ ಆರಿಸಿ.

ಫೋನಿನ ಚಿತ್ರದೊಳಗೆ ತೆಗೆದ ಸ್ಥಳದ ಅಕ್ಷಾಂಶ, ರೇಖಾಂಶ, ಸಮಯ ಬರೆದಿರುತ್ತದೆ. ಕ್ಯಾಮೆರಾ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಸ್ಥಳ ದಾಖಲಿಸುವುದನ್ನು ನಿಲ್ಲಿಸಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದಾಗ ಈ ವಿವರ ಕಳಚಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಹಾಗೆಯೇ ಹೋಗುತ್ತದೆ.

ಶೀರ್ಷಿಕೆಯಲ್ಲಿ ಊಹೆ ಬೇಡ. ಸುಮ್ಮನೆ ದೂರ ನೋಡುತ್ತಾ ಕುಳಿತ ಅಜ್ಜನ ಚಿತ್ರಕ್ಕೆ "ಮಕ್ಕಳು ಕೈಬಿಟ್ಟ ತಂದೆ" ಎಂದು ಬರೆಯುವವರು ಆ ಮಕ್ಕಳ ಮೇಲೂ ಅಜ್ಜನ ಮೇಲೂ ಸುಳ್ಳು ಹೇಳುತ್ತಿದ್ದಾರೆ. ಅವರು ಬಸ್ಸಿಗೆ ಕಾಯುತ್ತಿದ್ದಿರಬಹುದು. "ಗಾಂಧಿಬಜಾರ್" ಎಂದಷ್ಟೇ ಬರೆದರೆ ಸಾಕು.

ಹಂತ 9: ಹಾಕಿದ ನಂತರ

ನಿಮ್ಮನ್ನು ಸಂಪರ್ಕಿಸುವ ದಾರಿ ಚಿತ್ರದ ಜೊತೆಗೆ ಕಾಣುವಂತಿರಲಿ. ತೆಗೆಯಿರಿ ಎಂದು ಕೇಳಿದವರಿಂದ ಕಾರಣ ಕೇಳಬೇಡಿ, ಗುರುತಿನ ಚೀಟಿಯನ್ನಂತೂ ಕೇಳಲೇಬೇಡಿ. ನಿಮ್ಮ ಪುಟದಿಂದ ತೆಗೆದ ಮೇಲೆ ನೀವು ಕಳಿಸಿದ್ದ ಗುಂಪುಗಳು, ಸ್ಪರ್ಧೆಗಳಿಂದಲೂ ತೆಗೆಸಲು ಪ್ರಯತ್ನಿಸಿ.

ಪ್ರತಿ ತಿಂಗಳೂ ಕೆಲವು ಚಿತ್ರಗಳನ್ನು ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಮುದ್ರಿಸಿ, ತೆಗೆದ ಜಾಗಕ್ಕೇ ಒಯ್ದು ಕೊಡುವುದು ನನ್ನ ರೂಢಿ. ಹಿಂಬದಿಯಲ್ಲಿ ಊರು, ವರ್ಷ ಮಾತ್ರ ಬರೆಯುತ್ತೇನೆ. ಆ ಹೂವಿನ ಹೆಂಗಸಿಗೆ ಕೊಡಲು ಚಿತ್ರವಿರಲಿಲ್ಲ. ಪಕ್ಕದವರಿಗೆ ಕೊಡುವುದನ್ನು ಎರಡು ಸಲ ನೋಡಿ, ಮೂರನೆಯ ಸಲ ಹೋದಾಗ ಸೆರಗು ಸರಿಮಾಡಿಕೊಂಡು, "ನಂದೂ ಒಂದು ತೆಗಿ. ಹೂ ಪುಟ್ಟಿ ಕಾಣಬಾರ್ದು" ಎಂದರು. ಪುಟ್ಟಿಯನ್ನು ಪಕ್ಕಕ್ಕೆ ಸರಿಸಿ, ನೇರ ಕುಳಿತು, ಕ್ಯಾಮೆರಾ ನೋಡಿದರು. ಕ್ಯಾಂಡಿಡ್ ಅಲ್ಲವೇ ಅಲ್ಲ. ಎರಡು ಪ್ರತಿ ಮುದ್ರಿಸಿ ಎರಡನ್ನೂ ಅವರಿಗೇ ಕೊಟ್ಟೆ, ಕಡತವನ್ನು ಅಳಿಸಿದೆ.